ನಮ್ಮ ಬೀದಿಯ ಹುಲ್ಲಿನ ನಿಯಮ

ನಾನು ಜೀವಶಾಸ್ತ್ರ ಕಲಿಸುವವಳು. ಹಾಗಿದ್ದೂ ಹುಲ್ಲನ್ನು ಪಾಠದಲ್ಲಿ ನೋಡಿದ್ದೆನೇ ಹೊರತು ಬೇಲಿಯಲ್ಲಿ ನೋಡಿರಲಿಲ್ಲ. ಅದನ್ನು ಸರಿಯಾಗಿ ನೋಡಲು ಕಲಿತದ್ದು ನೈರೋಬಿಯ ಲೊರೆಶೋದಲ್ಲಿ ನಾವು ಮನೆ ಕೊಂಡ ಮೇಲೆ.

ಅದಕ್ಕೆ ಮುಂಚೆ ಕೆಲವು ವರ್ಷ ಅದೇ ಊರಿನ ಪಂಗಾನಿಯ ಒಂದು ಫ್ಲ್ಯಾಟಿನಲ್ಲಿದ್ದೆವು. ನನ್ನ ಗಂಡ ಮೂಳೆ ಡಾಕ್ಟರು. ಮಗಳು ಬೆಳೆಯುತ್ತಿದ್ದಳು, ಅವಳಿಗೆ ಓಡಾಡಲು ಒಂದಿಷ್ಟು ಜಾಗ ಬೇಕು ಎಂದು ಊರಿನ ಪಶ್ಚಿಮಕ್ಕಿರುವ ಈ ಶಾಂತವಾದ ಬಡಾವಣೆಗೆ ಬಂದೆವು. ನಮ್ಮ ಬೀದಿ ಒಂದು ದಿಣ್ಣೆಯ ಮೇಲಿಂದ ಶುರುವಾಗಿ ತೊರೆಯ ಕಣಿವೆಯವರೆಗೆ ಇಳಿಯುತ್ತದೆ. ಮನೆಗಳ ನಡುವೆ ಅಲ್ಲಲ್ಲಿ ಖಾಲಿ ಸೈಟುಗಳು. ವರ್ಷದ ಕೊನೆಯ ಮಳೆ ನಿಂತಾಗ ಆ ಸೈಟುಗಳಲ್ಲಿ ಹುಲ್ಲು ಆಳೆತ್ತರ ನಿಂತಿರುತ್ತದೆ. ಜನವರಿಯ ಬಿಸಿಲಿಗೆ ಅದು ಹೊಂಬಣ್ಣಕ್ಕೆ ತಿರುಗುತ್ತದೆ. ಮೊದಲ ವರ್ಷ ನಾನು ಅದರ ಫೋಟೋ ತೆಗೆದು ಮೈಸೂರಿನ ಅಕ್ಕನಿಗೆ ಕಳಿಸಿದ್ದೆ, ನೋಡು ಎಷ್ಟು ಚೆನ್ನಾಗಿದೆ ಅಂತ.

ಎರಡನೆಯ ವರ್ಷ ಅದೇ ಹುಲ್ಲಿಗೆ ಬೆಂಕಿ ಬಿತ್ತು.

ಒಂದು ಶನಿವಾರ ಊಟ ಮುಗಿಸಿ ಬಟ್ಟೆ ತೆಗೆಯಲು ಹಿತ್ತಲಿಗೆ ಹೋಗಿದ್ದೆ. ಒಣಗಿದ ಸೀರೆಗೆ ಹೊಗೆಯ ವಾಸನೆ. ಯಾರೋ ಕಸ ಸುಡುತ್ತಿದ್ದಾರೆ ಅಂದುಕೊಂಡೆ. ಸುಟ್ಟವರು ಯಾರೋ, ಕಣಿವೆಯಲ್ಲಿ ಸುಟ್ಟದ್ದು ಕಸವೇ. ಆದರೆ ಗಾಳಿ ಅದನ್ನು ಹುಲ್ಲಿಗೆ ಕೊಟ್ಟುಬಿಟ್ಟಿತ್ತು. ಒಣ ಹುಲ್ಲು ಉರಿಯುವ ಸದ್ದು ಒಗ್ಗರಣೆ ಸಿಡಿದ ಹಾಗೆ ಇರುತ್ತದೆ, ತೊರೆಯ ಬದಿಯ ಇಳಿಜಾರೆಲ್ಲ ಸಿಡಿಯುತ್ತಿತ್ತು. ಕೊನೆಯ ಮನೆ ಒಬ್ಬ ನಿವೃತ್ತ ಹೆಡ್‌ಮಿಸ್ಟ್ರೆಸ್ಸರದು. ಕಿಕುಯು ಹೆಂಗಸು, ಬೀದಿಯ ನಿವಾಸಿಗಳ ಸಂಘಕ್ಕೆ ಅಧ್ಯಕ್ಷೆ. ಎಲ್ಲರೂ ಅವರನ್ನು 'ಮ್ವಾಲಿಮು' ಎನ್ನುತ್ತಾರೆ, ಸ್ವಾಹಿಲಿಯಲ್ಲಿ ಟೀಚರ್ ಎಂದು. ನಾವು ಬಕೆಟ್ಟು ಹಿಡಿದು ಓಡಿ ಹೋದಾಗ ಅವರ ಮುಳ್ಳುಬೇಲಿ ಹೊತ್ತಿಕೊಂಡಿತ್ತು. ಬೇಲಿಯ ಬುಡದಲ್ಲಿ ಒಣಗಿದ ಲಂಟಾನ ತುಂಬಿತ್ತು, ಅದೇ ಸಾಕಾಯಿತು. ಮ್ವಾಲಿಮು ಕೋಳಿಗೂಡಿನ ಬಾಗಿಲು ಒದ್ದು ತೆರೆದು, ಹೊರಗೆ ಬಾರದ ಎರಡು ಹೇಂಟೆಗಳನ್ನು ಲುಂಗಿಯಂಥ ತಮ್ಮ ಲೇಸುವಿನಲ್ಲಿ ಸುತ್ತಿ ಎದೆಗವಚಿಕೊಂಡು ಬಂದರು. ಊರಿನ ಆಚೆ ತುದಿಯಿಂದ ಬೆಂಕಿ ನಂದಿಸುವ ಗಾಡಿ ಬರುವ ಹೊತ್ತಿಗೆ ಗೂಡು, ಸೌದೆಯ ಕೊಟ್ಟಿಗೆ, ಬೇಲಿ ಎಲ್ಲ ಬೂದಿ. ಮನೆ ಉಳಿದದ್ದು ಗಾಳಿ ದಿಕ್ಕು ಬದಲಿಸಿದ್ದರಿಂದ.

ಮರುದಿನ ಅವರ ಮನೆಯಲ್ಲೇ ಸಂಘದ ಸಭೆ. ಗೋಡೆಗೆ ಇನ್ನೂ ಹೊಗೆಯ ವಾಸನೆ ಇತ್ತು. ಕಸ ಸುಟ್ಟವರು ಯಾರು ಎಂದು ಗಲಾಟೆ ಶುರುವಾಯಿತು. ಕಣಿವೆಯವರು ಅಂದರು ಒಬ್ಬರು, ಸಿಗರೇಟು ಸೇದುವ ಕಾವಲುಗಾರರು ಅಂದರು ಇನ್ನೊಬ್ಬರು. ಸಂಘದ ಸಭೆಗಳಲ್ಲಿ ನಾನು ಅದುವರೆಗೆ ಚಹಾ ಕುಡಿದು ಬಂದವಳು, ಬಾಯಿ ಬಿಟ್ಟವಳಲ್ಲ. ಅವತ್ತು ಏನಾಯಿತೋ, ಎದ್ದು ನಿಂತೆ.

"ಬೆಂಕಿ ಯಾರು ಹಚ್ಚಿದ್ರು ಅಂತ ನಮಗೆ ಯಾವತ್ತೂ ಗೊತ್ತಾಗಲ್ಲ," ಅಂದೆ. "ಹುಲ್ಲು ಯಾರದ್ದು ಅಂತ ಗೊತ್ತಿದೆಯಲ್ಲ? ಪ್ರತಿ ಸೈಟಿಗೂ ಒಬ್ಬ ಮಾಲೀಕರು ಇದ್ದಾರೆ. ಕಿಡಿ ಎಲ್ಲಿಂದ ಬೇಕಾದ್ರೂ ಬರಲಿ, ಅದಕ್ಕೆ ತಿನ್ನೋಕೆ ಏನೂ ಸಿಗಬಾರದು."

ಮ್ವಾಲಿಮು ಕನ್ನಡಕದ ಮೇಲಿಂದ ನನ್ನನ್ನು ನೋಡಿ, ತರಗತಿಯಲ್ಲಿ ಸರಿಯುತ್ತರ ಕೊಟ್ಟ ಹುಡುಗಿಗೆ ಹೇಳುವ ದನಿಯಲ್ಲಿ ಅಂದರು: "ಸವಾ, ಸರಿ. ಹಾಗಾದರೆ ನಿಯಮ ನೀನೇ ಮಾಡು. ಪಾಲಿಸುತ್ತಾರೋ ಇಲ್ಲವೋ ಅಂತಲೂ ನೀನೇ ನೋಡು."

ಎಲ್ಲರೂ ನಕ್ಕರು. ಆಡಿದವರ ತಲೆಗೇ ಹೊರೆ.

ನಿಯಮ ಕಷ್ಟದ್ದೇನಲ್ಲ. ಒಣ ತಿಂಗಳು ಶುರುವಾಗುವ ಮೊದಲು, ಮನೆ ಕಟ್ಟಿರಲಿ ಬಿಟ್ಟಿರಲಿ, ಮಾಲೀಕರು ತಮ್ಮ ಜಾಗದ ಹುಲ್ಲನ್ನು ಪಾದದ ಮಟ್ಟಕ್ಕೆ ಕತ್ತರಿಸಬೇಕು. ಬೇಲಿಯ ಬುಡದ ಲಂಟಾನ, ಒಣಪೊದೆ ಕೀಳಬೇಕು. ನೀಲಗಿರಿ ಎಲೆ ಸೂರಿನ ದೋಣಿಯಲ್ಲಿ ಕೂತಿರಬಾರದು. ಕತ್ತರಿಸಿದ್ದನ್ನು ಸುಡಬಾರದು. ಮಾಲೀಕರು ಊರಲ್ಲಿಲ್ಲದಿದ್ದರೆ ಸಂಘವೇ ಕತ್ತರಿಸಿ ಅವರಿಗೆ ತಿಳಿಸುವುದು. ಇಷ್ಟೇ. ಖಾಲಿ ಸೈಟಿನಲ್ಲಿ ಹುಲ್ಲು ಬೆಳೆಸಬಾರದೆಂಬ ಮಾತು ಸರಕಾರದ ಹಳೆಯ ನಿಯಮಗಳಲ್ಲೂ ಇದೆ, ಬೀದಿಯಲ್ಲಿ ಯಾರಿಗೂ ನೆನಪಿರಲಿಲ್ಲ ಎಂದು ಒಬ್ಬ ವಕೀಲ ನೆರೆಯವರು ಹೇಳಿದರು.

ಕಷ್ಟವಿದ್ದದ್ದು ಗೇಟು ತಟ್ಟುವುದರಲ್ಲಿ. ಶಾಲೆ ಮುಗಿಸಿ ಬಂದು, ಚಪ್ಪಲಿ ಬಿಟ್ಟು ಶೂ ಹಾಕಿಕೊಂಡು ಬೀದಿಗಿಳಿಯುತ್ತಿದ್ದೆ. ಒಬ್ಬರು "ಬಾಡಿಗೆಯವರು ನಾವು, ಮಾಲೀಕರನ್ನು ಕೇಳಿ" ಅಂದರು. ಮಾಲೀಕರನ್ನು ಹುಡುಕಿದರೆ "ಬಾಡಿಗೆಯವರನ್ನು ಕೇಳಿ" ಅಂದರು. ಒಬ್ಬರು ತಮ್ಮ ಎರಡು ದೊಡ್ಡ ನಾಯಿಗಳನ್ನು ತೋರಿಸಿ, "ಇವು ಇರುವಾಗ ಏನೂ ಒಳಗೆ ಬರಲ್ಲ" ಅಂದರು.

"ಬೆಂಕಿ ಇವುಗಳಿಗೆ ಹೆದರುತ್ತಾ?" ಅಂತ ಕೇಳಿದೆ. ಆತ ಸ್ವಲ್ಪ ಯೋಚಿಸಿ, "ಮುಂದಿನ ವಾರ ಕತ್ತರಿಸುತ್ತೇನೆ" ಅಂದ. ಕತ್ತರಿಸಿದ.

ನನ್ನನ್ನು ಕಂಡರೆ ಗೇಟಿನ ಕಾವಲುಗಾರರು ಒಳಗೆ ಕೂಗಿ ಹೇಳತೊಡಗಿದರು: "ಮಾಮಾ ನ್ಯಾಸಿ ಬಂದರು!" ಇಲ್ಲಿ ಮಾಮಾ ಎಂದರೆ ಅಮ್ಮ, ನ್ಯಾಸಿ ಎಂದರೆ ಹುಲ್ಲು. ಹುಲ್ಲಮ್ಮ ಬಂದಳು ಅಂದ ಹಾಗೆ. ಮೊದಲು ಕೇಳಿದಾಗ ಕೆನ್ನೆ ಬಿಸಿಯಾಯಿತು. ಮನೆಗೆ ಬಂದು ಹೇಳಿದರೆ ನನ್ನ ಗಂಡ ತಟ್ಟೆಯ ಮೇಲೆ ಬಗ್ಗಿಕೊಂಡು ನಕ್ಕರು. ಮಗಳು ಕನ್ನಡ ಅರ್ಥ ಮಾಡಿಕೊಂಡರೂ ಉತ್ತರಿಸುವುದು ಇಂಗ್ಲಿಷಿನಲ್ಲೇ. "ಅಮ್ಮಾ, ಪ್ಲೀಸ್, ನನ್ನ ಫ್ರೆಂಡ್ಸ್ ಮನೆಗೆ ಮಾತ್ರ ಹೋಗ್ಬೇಡ" ಎಂದು ಅವಳು ಇಂಗ್ಲಿಷಿನಲ್ಲಿ ಅಂಗಲಾಚಿದಳು. ಅವಳ ಗೆಳತಿಯ ಮನೆಗೇ ಮರುದಿನ ಹೋದೆ, ಅವರ ಹಿತ್ತಲೇ ಎಲ್ಲಕ್ಕಿಂತ ಕೆಟ್ಟದಾಗಿತ್ತು.

ಕತ್ತರಿಸಿದ ಹುಲ್ಲನ್ನು ಏನು ಮಾಡುವುದು ಎಂಬ ಪ್ರಶ್ನೆ ತಾನಾಗಿ ಬಗೆಹರಿಯಿತು. ಹತ್ತಿರದ ಕಾಂಗೆಮಿಯಲ್ಲಿ ಹಸು ಸಾಕುವವರು ಕೈಗಾಡಿ ತಂದು ಹೊತ್ತೊಯ್ಯತೊಡಗಿದರು.

ಮಾರ್ಚಿನ ಹೊತ್ತಿಗೆ ಬೀದಿಯಲ್ಲಿ ಒಂದೇ ಒಂದು ಸೈಟು ಉಳಿಯಿತು. ಎಲ್ಲಕ್ಕಿಂತ ದೊಡ್ಡದು, ಕಣಿವೆಗೆ ತಾಗಿದ್ದು, ಒಂದು ಬದಿಗೆ ಮ್ವಾಲಿಮು ಮನೆ, ಮೇಲ್ಬದಿಗೆ ನಮ್ಮದು. ಮೊದಲ ಬೆಂಕಿ ಅದರ ಕೆಳಗಿನ ಮೂಲೆಯನ್ನಷ್ಟೇ ಸುಟ್ಟಿತ್ತು. ಮಾಲೀಕರು ಯಾರು ಎಂದು ವಕೀಲರು ವಿಚಾರಿಸಿ ಬಂದು ಹೆಸರು ಹೇಳಿದಾಗ ನಾನು ಕುರ್ಚಿಯಲ್ಲಿ ಕೂತುಬಿಟ್ಟೆ.

ಅವರು ನಮ್ಮವರೇ. ಮಂಗಳೂರು ಕಡೆಯಿಂದ ತರುಣರಾಗಿ ಬಂದು ಪಂಗಾನಿಯಲ್ಲಿ ಕ್ಲಿನಿಕ್ಕು ತೆರೆದು, ಅಲ್ಲೇ ಮುದುಕರಾದ ಡಾಕ್ಟರು. ನಾವು ಎರಡು ಸೂಟ್‌ಕೇಸ್ ಹಿಡಿದು ನೈರೋಬಿಗೆ ಇಳಿದಾಗ, ಫ್ಲ್ಯಾಟು ಸಿಗುವವರೆಗೆ ನಮ್ಮನ್ನು ತಮ್ಮ ಮನೆಯಲ್ಲಿ ಇಟ್ಟುಕೊಂಡವರು. ಆಗ ಬದುಕಿದ್ದ ಅವರ ಹೆಂಡತಿ ನನಗೆ ಬೆಳಿಗ್ಗೆ ಬೆಳಿಗ್ಗೆ ನೀರುದೋಸೆ ಹುಯ್ದು ಬಡಿಸಿದ್ದರು. ಇಂಥವರಿಗೆ ಹೋಗಿ ಹುಲ್ಲು ಕಡಿಸಿ ಅನ್ನುವುದು ಹೇಗೆ?

"ಬೇಡ ಕಣೇ," ಅಂದರು ನನ್ನ ಗಂಡ. "ಅವ್ರ ಉಪ್ಪು ತಿಂದಿದೀವಿ. ಅದೊಂದು ಸೈಟ್ ಬಿಟ್ಟುಬಿಡು. ನಾವೇ ಯಾರಿಗಾದ್ರೂ ಹೇಳಿ ಸದ್ದಿಲ್ದೆ ಕತ್ತರಿಸಿಬಿಡೋಣ."

"ಹಾಗೆ ಮಾಡಿದ್ರೆ ನಾಳೆ ಬೇರೆಯವರ ಗೇಟು ಯಾವ ಮುಖ ಇಟ್ಕೊಂಡು ತಟ್ಲಿ ರೀ?"

ಶನಿವಾರ ಅವರು ಕಾರಿನ ಕೀ ಮೇಜಿನ ಮೇಲೆ ಇಟ್ಟು ಹೋದರು.

ಪಂಗಾನಿಯ ಮನೆ ಹಾಗೇ ಇತ್ತು. ಕೆಳಗೆ ಕ್ಲಿನಿಕ್ಕು, ಮೇಲೆ ಮನೆ. ಡಾಕ್ಟರು ಬಾಗಿಲು ತೆರೆದು, "ಎಂತ ಮಾರಾಯ್ತಿ, ದೊಡ್ಡ ಮನೆ ಆದ ಮೇಲೆ ಪಂಗಾನಿ ದಾರಿ ಮರ್ತು ಹೋಯ್ತಾ?" ಎಂದು ಬೈದು, ತಾವೇ ಕಾಫಿ ಮಾಡಿ ತಂದರು. ಕಾಫಿ ಮುಗಿಯುವವರೆಗೆ ನನಗೆ ವಿಷಯ ತೆಗೆಯಲಾಗಲಿಲ್ಲ. ಆಮೇಲೆ ಒಂದೇ ಉಸಿರಿಗೆ ಹೇಳಿಬಿಟ್ಟೆ: ಬೆಂಕಿ, ಮ್ವಾಲಿಮುವಿನ ಕೋಳಿಗೂಡು, ನಿಯಮ, ಅವರ ಸೈಟು.

ಅವರು ಪೂರ್ತಿ ಕೇಳಿದರು. ಕೇಳಿ, "ಹುಲ್ಲು ಕಡಿಸುದಿಲ್ಲ" ಅಂದರು.

"ಯಾಕೆ ಡಾಕ್ಟ್ರೇ?"

"ಅದು ನನ್ನ ಹುಲ್ಲಲ್ಲ. ಹಕ್ಕಿಗಳದ್ದು."

ತಮಾಷೆ ಅಂದುಕೊಂಡು ನಕ್ಕೆ. ಅವರು ನಗಲಿಲ್ಲ. "ನೀನು ಬಯಾಲಜಿ ಓದಿದವಳಲ್ವಾ? ಮಳೆ ಬಂದು ನಿಂತ ಮೇಲೆ ಒಂದು ಭಾನುವಾರ ಫೋನು ಮಾಡ್ತೇನೆ. ಬಂದು ನೋಡು. ನೋಡಿದ ಮೇಲೆ ಕಡಿಯಿರಿ ಅಂತ ಹೇಳುವ ಧೈರ್ಯ ಉಂಟಾ ಅಂತ ನಾನೂ ನೋಡ್ತೇನೆ."

ಮೇ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಫೋನು ಬಂತು. ನಾನು ಗೇಟು ದಾಟಿ ಹೋದರೆ ಅವರು ಸೈಟಿನ ಅಂಚಿನಲ್ಲಿ ಹಳೆಯ ಕಾರಿನೊಳಗೆ ದುರ್ಬೀನು ಹಿಡಿದು ಕೂತಿದ್ದರು. ಮಳೆಯ ನಂತರದ ಭಾನುವಾರಗಳಲ್ಲಿ ಅಲ್ಲಿ ನಿಲ್ಲುತ್ತಿದ್ದ ಆ ಕಾರನ್ನು ನಾನು ಎಷ್ಟೋ ಸಲ ಮೇಲಿನಿಂದ, ದೂರಕ್ಕೆ ನೋಡಿದ್ದೆ. ಯಾರೋ ಡ್ರೈವರು ನಿದ್ದೆ ಮಾಡುತ್ತಾನೆ ಅಂದುಕೊಂಡಿದ್ದೆ.

"ಸದ್ದು ಮಾಡ್ಬೇಡ. ಹತ್ತು," ಅಂದರು.

ಮಳೆಗೆ ಹುಲ್ಲು ಎದೆಮಟ್ಟ ಚಿಗುರಿತ್ತು. ಇದ್ದಕ್ಕಿದ್ದ ಹಾಗೆ ಅದರೊಳಗಿಂದ ಒಂದು ಕಪ್ಪು ಹಕ್ಕಿ ಎದ್ದಿತು. ಗುಬ್ಬಿಯಷ್ಟು ಮೈ, ಮೈಗಿಂತ ಎಷ್ಟೋ ಉದ್ದದ ಬಾಲ, ಕೊರಳಲ್ಲಿ ಕುಂಕುಮ ಬಳಿದಂಥ ಕೆಂಪು ಪಟ್ಟಿ. ಅದು ಹಾರುತ್ತಿರಲಿಲ್ಲ, ಬಾಲವನ್ನು ಬಿಡಿಸಿಕೊಂಡು ಹುಲ್ಲಿನ ತೆನೆಗಳ ಮೇಲೆ ನಿಧಾನವಾಗಿ ತೇಲುತ್ತಿತ್ತು. ಕೆಳಗೆಲ್ಲೋ ಕಂದು ಬಣ್ಣದ ಹೆಣ್ಣುಗಳು ಕೂತಿದ್ದವು. ಅವುಗಳಿಗೆ ತೋರಿಸಲೆಂದೇ ಇಷ್ಟೆಲ್ಲ ವೈಭವ. ಇನ್ನೊಂದು ಎದ್ದಿತು, ಮತ್ತೊಂದು. ನಾನು ಬಾಯಿ ತೆರೆದುಕೊಂಡು ಕೂತಿದ್ದೆ.

"ಇಂಗ್ಲಿಷಿನವ ಇದಕ್ಕೆ ವಿಡೋಬರ್ಡ್ ಅಂತ ಹೆಸರಿಟ್ಟಿದ್ದಾನೆ, ವಿಧವೆ ಹಕ್ಕಿ," ಅಂದರು ಡಾಕ್ಟರು. "ಕುಣಿಯುದು ನೋಡಿದ್ರೆ ಗಂಡು. ನನ್ನ ಹೆಂಡತಿ ಇರುವಾಗ ನಾವಿಬ್ಬರೂ ಬರ್ತಿದ್ದೆವು. ಮನೆ ಕಟ್ಟುವ ಅಂತ ತೆಗೊಂಡ ಜಾಗ. ಮೊದಲ ವರ್ಷ ಇದನ್ನು ಕಂಡು ಅವಳೇ ಹೇಳಿದ್ದು, ಮನೆ ಪಂಗಾನಿಯಲ್ಲಿ ಉಂಟಲ್ಲ, ಇದು ಹೀಗೇ ಇರಲಿ ಅಂತ."

ಅವರು ದುರ್ಬೀನು ನನ್ನ ಕೈಗೆ ಕೊಟ್ಟು, "ಈಗ ಹೇಳು. ಕಡಿಸುದಾ?" ಅಂದರು.

ದುರ್ಬೀನು ಮಡಿಲಲ್ಲಿಟ್ಟು, ಹೇಳಬೇಕಾದದ್ದು ಹೇಳಿದೆ. "ಡಾಕ್ಟ್ರೇ, ಜನವರಿಯಲ್ಲಿ ಕೆಳಗಿನ ಮೂಲೆ ಸುಟ್ಟದ್ದು ನೋಡಿದ್ರಲ್ಲ. ಗಾಳಿ ತಿರುಗದಿದ್ರೆ ಇದಿಷ್ಟೂ ಹೋಗ್ತಿತ್ತು. ಹುಲ್ಲು ಬಿಟ್ರೆ ಹಕ್ಕಿ ಉಳಿಯುತ್ತೆ ಅಂತ ನೀವು ಅಂದ್ಕೊಂಡಿದೀರಿ. ಒಂದು ಕಿಡಿ ಬಿದ್ರೆ ಹುಲ್ಲೂ ಇಲ್ಲ, ಹಕ್ಕಿಗೆ ಮುಂದಿನ ವರ್ಷ ಕೂರೋಕೆ ಜಾಗವೂ ಇಲ್ಲ, ಮ್ವಾಲಿಮು ಮನೆಯೂ ಇಲ್ಲ."

ನಾನು ಕಾರಿನಿಂದಿಳಿದು ಬೇಲಿಗುಂಟ ನಡೆದೆ. ನಡೆಯುತ್ತ ನಡೆಯುತ್ತ ದಾರಿ ಹೊಳೆಯಿತು. ನಮ್ಮ ಕಡೆ ಕಾಡಿನ ಇಲಾಖೆಯವರು ಬೇಸಿಗೆಗೆ ಮುಂಚೆ ಬೆಂಕಿ ರೇಖೆ ಅಂತ ಬೋಳು ದಾರಿ ಮಾಡಿಟ್ಟಿರುವುದನ್ನು ನಾನು ಬಂಡೀಪುರದ ರಸ್ತೆಯಲ್ಲಿ ಎಷ್ಟು ಸಲ ನೋಡಿಲ್ಲ? ತಿರುಗಿ ಬಂದು ಕಾರಿನ ಕಿಟಕಿಗೆ ಕೈಯಿಟ್ಟು ಹೇಳಿದೆ: "ನಡುವೆ ಮುಟ್ಟೋದು ಬೇಡ. ಸುತ್ತಲೂ, ಒಂದು ಲಾರಿ ಹೋಗುವಷ್ಟು ಅಗಲ, ಬೋಳು ಮಾಡೋಣ. ಗೂಡೆಲ್ಲ ಖಾಲಿಯಾದ ಮೇಲೆ. ನಡುವಿನದ್ದು ಹಕ್ಕಿಗೆ, ಅಂಚಿನದ್ದು ನಮಗೆ."

"ಗೂಡು ಖಾಲಿಯಾಯ್ತು ಅಂತ ಹೇಳುವವ ನಾನು. ನೀನಲ್ಲ," ಅಂದರು ಡಾಕ್ಟರು.

"ಆಯ್ತು ಡಾಕ್ಟ್ರೇ."

ಮುಂದಿನ ಸಭೆಯಲ್ಲಿ ಈ ಮಾತಿಟ್ಟಾಗ ನಾಯಿಗಳ ಮಾಲೀಕರು ಎದ್ದರು. "ನಮಗೆಲ್ಲ ಪಾದದ ಮಟ್ಟ, ನಿನ್ನ ಊರಿನವರಿಗೆ ಮಾತ್ರ ಅಂಚು? ಇದು ಯಾವ ನ್ಯಾಯ?" ಎಂದರು. ಕೇಳಿದ್ದು ಸರಿಯಾದ ಪ್ರಶ್ನೆಯೇ. ಉತ್ತರವನ್ನು ಮೊದಲೇ ಯೋಚಿಸಿಟ್ಟಿದ್ದೆ. ಮನೆಯಿಲ್ಲದ ದೊಡ್ಡ ಸೈಟು ಯಾರದ್ದೇ ಇರಲಿ, ಈ ಮಾತು ಎಲ್ಲರಿಗೂ ಅನ್ವಯ. ಅಂಚು ಬೋಳಾಗದಿದ್ದರೆ ಇಡೀ ಹುಲ್ಲನ್ನು ಸಂಘ ಕತ್ತರಿಸುತ್ತದೆ, ಅದೂ ಎಲ್ಲರಿಗೂ ಅನ್ವಯ ಎಂದೆ.

ಅಷ್ಟರಲ್ಲಿ ಹಿಂದಿನ ಸಾಲಿನಿಂದ ಡಾಕ್ಟರು ಎದ್ದು ನಿಂತರು. ಅವರು ಬಂದಿರುವುದೇ ನನಗೆ ಗೊತ್ತಿರಲಿಲ್ಲ. ಅವರದು ಐವತ್ತು ವರ್ಷದಷ್ಟು ಹಳೆಯ ಸ್ವಾಹಿಲಿ, ಅಂಗಡಿಯಲ್ಲಿ ಮಾತಾಡುವ ನನ್ನ ಸ್ವಾಹಿಲಿಯ ಹಾಗಲ್ಲ. ಕೋಣೆ ತಲೆ ತಿರುಗಿಸಿ ಕೇಳಿತು.

"ಈ ಹುಡುಗಿ ಈ ದೇಶಕ್ಕೆ ಬಂದು ಮೊದಲು ಅನ್ನ ತಿಂದದ್ದು ನನ್ನ ಮನೆಯಲ್ಲಿ," ಅಂದರು. "ಆದರೂ ನನ್ನ ಹುಲ್ಲು ಕತ್ತರಿಸಲು ಬಂದಳು. ಇವಳು ನನಗೆ ರಿಯಾಯಿತಿ ಕೊಡುತ್ತಾಳೆ ಅಂತ ನಿಮಗೆ ಅನಿಸಿದರೆ, ನಿಮಗೆ ಇವಳು ಗೊತ್ತಿಲ್ಲ."

ಮೊದಲು ನಕ್ಕದ್ದು ನಾಯಿಗಳ ಮಾಲೀಕರೇ. ಮ್ವಾಲಿಮು ಮೇಜು ತಟ್ಟಿ, "ಒಪ್ಪಿಗೆ" ಅಂದರು. ನಾನು ನೀರು ಕುಡಿಯುವ ನೆವದಲ್ಲಿ ಮುಖ ತಗ್ಗಿಸಿದೆ. ಶಾಲೆಯಲ್ಲಿ, ಕಾಲೇಜಿನಲ್ಲಿ ನನಗೆ ಬಹುಮಾನಗಳು ಬಂದಿವೆ. ಯಾವುದೂ ಆ ಮಾತಿನಷ್ಟು ಬೆಚ್ಚಗಿರಲಿಲ್ಲ.

ವರ್ಷದ ಕೊನೆಗೆ ಡಾಕ್ಟರು "ಗೂಡು ಖಾಲಿ" ಎಂದು ಫೋನು ಮಾಡಿದರು. ಆಳುಗಳು ಸ್ಲ್ಯಾಷರು ಬೀಸಿ ಅಂಚಿನ ಹುಲ್ಲು ಉರುಳಿಸಿದರು. ಉದ್ದ ಹಿಡಿ, ತುದಿಯಲ್ಲಿ ಬಾಗಿದ ತಗಡು. ನಾನೂ ಒಂದು ಹಿಡಿದು ಬೀಸಿದೆ. ಮರುದಿನ ಹಲಗೆಯ ಮೇಲೆ ಬರೆಯಲು ಕೈ ಮೇಲೇಳಲಿಲ್ಲ.

ಬೆಂಕಿ ಮತ್ತೆ ಬಂದದ್ದು ಫೆಬ್ರವರಿಯ ಒಂದು ಮಧ್ಯಾಹ್ನ. ಶಾಲೆಗೆ ಅರ್ಧ ದಿನ ರಜೆ ಇತ್ತು, ನಾನೂ ಮಗಳೂ ಮನೆಯಲ್ಲಿದ್ದೆವು. ಕಣಿವೆಯಿಂದ ಹೊಗೆ ಎದ್ದಿತು, ಈ ಸಲ ಹಿಂದಿನದಕ್ಕಿಂತ ಅಗಲವಾಗಿ. ಗಾಳಿ ನೇರ ನಮ್ಮ ಕಡೆಗೆ. ನಾನು ಫೋನು ಮಾಡುವಷ್ಟರಲ್ಲಿ ಮ್ವಾಲಿಮು ಬೀದಿಯಲ್ಲಿ "ಮೋಟೊ! ಮೋಟೊ!" ಎಂದು ಕೂಗುತ್ತಿದ್ದರು, ಬೆಂಕಿ ಬೆಂಕಿ ಎಂದು. ಒದ್ದೆ ಗೋಣಿಚೀಲ ಹಿಡಿದು ಎಲ್ಲರೂ ಡಾಕ್ಟರ ಸೈಟಿನ ಅಂಚಿಗೆ ಓಡಿದೆವು. ಮಗಳು ನನ್ನ ಮಾತು ಕೇಳದೆ ಹಿಂದೆಯೇ ಬಂದಳು.

ಬೆಂಕಿ ತೊರೆಯ ಬದಿಯ ಜೊಂಡನ್ನು ತಿಂದು ದಿಣ್ಣೆ ಹತ್ತಿ ಬಂತು. ಅದರ ಕಾವಿಗೆ ನಮ್ಮ ಹುಬ್ಬು ಕೂಡ ಬಿಸಿಯಾಯಿತು. ನಾಯಿಗಳ ಮಾಲೀಕರು ನನ್ನ ಪಕ್ಕದಲ್ಲಿ ಗೋಣಿ ಹಿಡಿದು ನಿಂತಿದ್ದರು. ಅದು ಬೋಳು ಅಂಚಿನವರೆಗೆ ಬಂದು ಅಲ್ಲಿ ತಡವರಿಸಿತು. ನಾಲಿಗೆ ಚಾಚಿ ನೋಡಿತು. ನೆಲದಲ್ಲಿ ತಿನ್ನಲು ಏನೂ ಇರಲಿಲ್ಲ. ಹಾರಿಬಂದ ಕಿಡಿಗಳು ಬೋಳು ಮಣ್ಣಿನ ಮೇಲೆ ಬಿದ್ದವು. ದಾಟಿಬಂದ ಒಂದೆರಡನ್ನು ನಾವು ಬಡಿದು ಬಡಿದು ಆರಿಸಿದೆವು. ಮ್ವಾಲಿಮುವಂತೂ ಒಂದು ಕಿಡಿಯನ್ನು ಆರಿದ ಮೇಲೂ ಬಡಿಯುತ್ತಲೇ ಇದ್ದರು, ಕಳೆದ ವರ್ಷದ ಕೋಳಿಗೂಡಿನ ಸೇಡಿಗೆ ಎಂಬಂತೆ. ಸ್ವಲ್ಪ ಹೊತ್ತಿಗೆ ಜ್ವಾಲೆ ಗಿಡ್ಡವಾಯಿತು. ಆಮೇಲೆ ಹೊಗೆ ಮಾತ್ರ ಉಳಿಯಿತು.

"ಅಮ್ಮಾ, ಇಟ್ ಸ್ಟಾಪ್ಡ್!" ಎಂದು ಮಗಳು ಕಿರುಚಿದಳು. "ನಿನ್ನ ಲೈನ್ ಹತ್ರಾನೇ ನಿಂತಿತು!" ಅವಳ ಬಾಯಿಂದ ಕನ್ನಡ ಬಂದದ್ದು ಅವಳಿಗೂ ಗೊತ್ತಾಗಲಿಲ್ಲ.

ನಮ್ಮ ಹಿಂದೆ ಡಾಕ್ಟರ ಸೈಟಿನ ನಡುವಿನ ಹುಲ್ಲು ಹೊಂಬಣ್ಣದಲ್ಲಿ ಹಾಗೇ ನಿಂತಿತ್ತು, ಒಂದು ತೆನೆಯೂ ಮುಕ್ಕಾಗಿರಲಿಲ್ಲ. ಸಂಜೆ ಡಾಕ್ಟರು ಪಂಗಾನಿಯಿಂದ ಬಂದು ಒಂದು ಕಡೆ ಕರಿ ನೆಲವನ್ನೂ ಇನ್ನೊಂದು ಕಡೆ ಹುಲ್ಲನ್ನೂ ನೋಡಿದರು. ಬೋಳು ಅಂಚಿನ ಮೇಲೆ ಆ ತುದಿಯಿಂದ ಈ ತುದಿಗೆ ಕೈ ಬೆನ್ನಿಗೆ ಕಟ್ಟಿಕೊಂಡು ನಡೆದರು. ಮ್ವಾಲಿಮು ಕೊಟ್ಟ ಚಹಾ ಕುಡಿಯುತ್ತ ಅವರಿಗೆ ಮಾತ್ರ ಹೇಳಿದರಂತೆ, ಈ ಹುಡುಗಿ ಬಂದ ಮೊದಲ ವಾರವೇ ನನ್ನ ಹೆಂಡತಿ ಇವಳನ್ನು ಕಂಡು, ಗಟ್ಟಿಗಿತ್ತಿ ಅಂದಿದ್ದಳು ಎಂದು.

ಬೇಡ ಕಣೇ ಅಂದಿದ್ದ ನನ್ನ ಗಂಡ ಆಮೇಲೆ ತಿಂಗಳುಗಟ್ಟಲೆ ಕಾಲು ಮುರಿದುಕೊಂಡು ಬಂದ ರೋಗಿಗಳಿಗೆಲ್ಲ ಪ್ಲಾಸ್ಟರು ಹಾಕುತ್ತ ಈ ಕತೆ ಹೇಳಿದರು. ಅವರು ಹೇಳುವಾಗ ಜ್ವಾಲೆ ನೀಲಗಿರಿ ಮರದಷ್ಟು ಎತ್ತರ ಇರುತ್ತಿತ್ತು. ನಾನು ತಿದ್ದಲು ಹೋಗಲಿಲ್ಲ.

ಸುದ್ದಿ ದಿಣ್ಣೆಯಾಚೆಯ ಬಡಾವಣೆಗೂ ಹೋಯಿತು. ಅವರ ಸಂಘದವರು ಬಂದು ನಿಮ್ಮ ನಿಯಮ ನಮಗೂ ಹೇಳಿಕೊಡಿ ಎಂದರು. ಮ್ವಾಲಿಮು ನನ್ನನ್ನು ಕರೆದುಕೊಂಡು ಹೋದರು. ಚರ್ಚಿನ ಪಕ್ಕದ ಸಭಾಂಗಣದಲ್ಲಿ ಜನ ತುಂಬಿದ್ದರು. ಇಂಡಿಯಾದ ಹೆಂಗಸು, ಡಾಕ್ಟರ ಹೆಂಡತಿ ಎಂಬ ಪರಿಚಯಕ್ಕೆ ನನ್ನ ಕಿವಿ ಅಷ್ಟು ವರ್ಷಗಳಲ್ಲಿ ಒಗ್ಗಿಹೋಗಿತ್ತು. ಮ್ವಾಲಿಮು ನನ್ನ ತೋಳು ಹಿಡಿದು ಮುಂದೆ ನಿಲ್ಲಿಸಿ "ಜಿರಾನಿ ಯೆತು" ಅಂದರು. ನಮ್ಮ ನೆರೆಯವಳು. ಅಷ್ಟೇ ಹೇಳಿ ಹೋಗಿ ಕೂತರು.

ನಾನು ಬರೆದು ತಂದಿದ್ದ ಭಾಷಣವನ್ನು ಮಡಚಿ ಕೈಚೀಲಕ್ಕೆ ಹಾಕಿದೆ. "ಮಾತು ಆಮೇಲೆ ಆಡೋಣ," ಅಂದೆ. "ಇನ್ನೂ ಬೆಳಕಿದೆ. ಮೊದಲು ನಿಮ್ಮ ಬೇಲಿಗಳನ್ನು ತೋರಿಸಿ." ಕುರ್ಚಿಗಳು ಸರಿದವು, ಇಡೀ ಸಭೆ ಎದ್ದು ನನ್ನ ಜೊತೆ ಹೊರಗೆ ನಡೆಯಿತು.